ಹಳೇ ಅಂಬಾಸಿಡರ್ ಇರಲೋ, ಪುಟಾಣಿ ಕಾರು ಬರಲೋ?

ಅಜ್ಜನ ಕಾಲದ ಅಂಬಾಸಿಡರ್ ಮಾರೋದು ಬೇಡ ಎಂದು ಹಿರಿಯರು, ಪುಟ್ಟ ಎಲೆಕ್ಟ್ರಿಕ್ ಕಾರು ತರೋಣ ಎಂದು ಮಕ್ಕಳು. ಮದ್ದೂರು ತಾಲ್ಲೂಕಿನ ಆತಗೂರು ಸುತ್ತಮುತ್ತಲ ಮನೆಗಳಲ್ಲಿ ಈ ಮಾತು ಎದ್ದರೆ ಜಗಳಕ್ಕೆ ಮೊದಲು ಹೀಗೆ ತಾಳೆ ಹಾಕಿ.

1. ಓಡಾಟ ಬರೆದಿಡಿ: ಒಂದು ವಾರ ಎಲ್ಲಿಗೆ, ಎಷ್ಟು ಜನ, ಏನು ಹೊರೆ ಎಂದು ಗುರುತು ಮಾಡಿ. ಮದ್ದೂರು, ಮಳವಳ್ಳಿಗೆ ಇಬ್ಬರು ಹೋಗಿಬರುವುದೇ ಹೆಚ್ಚಾದರೆ ಪುಟ್ಟ ಕಾರು ಸಾಕು. ನಾಲ್ಕು ಸೀಟಿನ ಎಲೆಕ್ಟ್ರಿಕ್ ಕಾರು ಎಂಜಿ ಕಾಮೆಟ್‌ನಲ್ಲಿ ಹಿಂದೆ ಜನ ಕೂತರೆ ಸಾಮಾನಿಗೆ ಜಾಗವೇ ಉಳಿಯದು. ಐದು ಜನ, ಜೊತೆಗೆ ಬೆಲ್ಲದ ಮೂಟೆ ಎಂದರೆ ಅಂಬಾಸಿಡರ್ರೇ ಸೈ.

2. ಅಳತೆ ಪಟ್ಟಿ ಹಿಡಿಯಿರಿ: ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್, ಕಾಮೆಟ್ 3 ಮೀಟರ್‌ಗೂ ಕಡಿಮೆ. ಊರೊಳಗಿನ ಓಣಿಯಲ್ಲಿ ತಿರುಗಿಸಲು ಚಿಕ್ಕದೇ ಸಲೀಸು. ಆದರೆ ಅದರ ಚಕ್ರ 12 ಇಂಚಿನದು, ಅಂಬಾಸಿಡರ್‌ನದು 15 ಇಂಚು. ಕಬ್ಬಿನ ಟ್ರ್ಯಾಕ್ಟರ್ ಓಡಿ ಗುಂಡಿ ಬಿದ್ದ ತೋಟದ ದಾರಿಯಲ್ಲೂ ಓಡಿಸಿ ನೋಡಿ.

3. ಆರ್‌ಸಿ ಓದಿ: 15 ವರ್ಷ ದಾಟಿದ ಕಾರಿಗೆ ಮಂಡ್ಯ ಆರ್‌ಟಿಒದಲ್ಲಿ ಎಫ್‌ಸಿ ಮಾಡಿಸಿ, ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 50 ವರ್ಷ ದಾಟಿ ಮೂಲರೂಪದಲ್ಲೇ ಇದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಪುಟ್ಟ ವಾಹನದಲ್ಲೂ ವರ್ಗ ನೋಡಿ. ಕಾಮೆಟ್ ಕಾರು, ಬಜಾಜ್ ಕ್ಯೂಟ್ ಕ್ವಾಡ್ರಿಸೈಕಲ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೊಗಳ ಜೊತೆ ಕ್ವಾಡ್ರಿಸೈಕಲ್‌ಗೂ ಪ್ರವೇಶವಿಲ್ಲ; ಸರ್ವಿಸ್ ರಸ್ತೆಯೇ ಗತಿ.

4. ಅಡಿಗೆ ಬಗ್ಗಿ: ಹಳೇ ಕಾರಿನ ಮ್ಯಾಟ್ ಎತ್ತಿ, ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗೆ ತುಕ್ಕು ತಿಂದು ಮೇಲೆ ಪುಟ್ಟಿ ಮೆತ್ತಿರಬಹುದು. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪುಗಳು ಬಿರಿಯುತ್ತವೆ. ಮೂಗಿಗೆ ಪೆಟ್ರೋಲ್ ವಾಸನೆ ಬಡಿದರೆ ಮೊದಲು ಅವನ್ನೇ ಬದಲಿಸಿ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ಗೆ ಏರ್‌ಬ್ಯಾಗ್ ಇಲ್ಲ. ಕಾಮೆಟ್‌ಗೆ ಎರಡಿವೆ, ಎಬಿಎಸ್ ಬ್ರೇಕೂ ಇದೆ.

5. ಕರೆಂಟ್ ನೋಡಿ: ಕಾಮೆಟ್‌ನ 17.3 ಯೂನಿಟ್ ಬ್ಯಾಟರಿ ಮನೆಯಲ್ಲಿ ತುಂಬಲು ಸುಮಾರು 7 ಗಂಟೆ ಬೇಕು. ರಾತ್ರಿ ವೋಲ್ಟೇಜ್ ನಿಲ್ಲುತ್ತದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪಂಪ್‌ಸೆಟ್ ಲೈನಿಗೆ ಸಿಕ್ಕಿಸಬೇಡಿ. ಬೆಂಗಳೂರಲ್ಲೇ ತಯಾರಾಗಿ 2001ರಲ್ಲಿ ಬಂದ ಎಲೆಕ್ಟ್ರಿಕ್ ಕಾರು ರೇವಾ ಸೆಕೆಂಡ್‌ಹ್ಯಾಂಡ್ ಸಿಕ್ಕರೆ, ಕಾರಿನ ಬೆಲೆಗೆ ಹೊಸ ಬ್ಯಾಟರಿ ಬೆಲೆಯನ್ನೂ ಕೂಡಿಸಿ ನೋಡಿ.

6. ಖರ್ಚು ಕೂಡಿಸಿ: ಲೀಟರಿಗೆ 10 ಕಿ.ಮೀ. ಕೊಡುವ ಹಳೇ ಕಾರಿಗೆ 150 ಕಿ.ಮೀ.ಗೆ 15 ಲೀಟರ್ ಬೇಕು. ಕಾಮೆಟ್‌ಗೆ ಕಂಪನಿ ಹೇಳುವುದು 230 ಕಿ.ಮೀ. ನೀವು 150 ಎಂದೇ ಹಿಡಿದು, ಸೋರಿಕೆ ಸೇರಿ 20 ಯೂನಿಟ್ ಇಟ್ಟುಕೊಳ್ಳಿ. ಇಂದಿನ ದರ ಹಾಕಿ ಗುಣಿಸಿ. ಉಳಿಯುವ ಹಣದಿಂದ ಹೊಸ ಕಾರಿನ ಕಂತು ಎಷ್ಟು ತೀರುತ್ತದೆ ನೋಡಿ.

ತಿಂಗಳಿಗೆ ಒಂದೆರಡು ಸಲವಷ್ಟೇ ಕಾರು ಬೇಕಾಗುವ ಮನೆಗೆ ಆ ಉಳಿತಾಯ ಕಂತಿಗೆ ಸಾಲದು; ಅಂಥವರು ಅಂಬಾಸಿಡರ್ ರಿಪೇರಿಗೇ ಹಣ ಹಾಕಲಿ. ದಿನಾ ಓಡಾಡುವವರು ಪುಟ್ಟದನ್ನು ತರಲಿ.