ಗಂಡಸಿನ ಗಜಕಡ್ಡಿಯಿಂದ ಹೆಂಗಸನ್ನು ಅಳೆಯಬೇಡಿ

ಬಿಡುಗಡೆಯಾದ ಕೈದಿ ಮತ್ತೆ ಅಪರಾಧಕ್ಕೆ ಕೈಹಾಕಬಹುದೇ? ಈ ಅಂದಾಜು ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿದ್ದರೆ, ಇಷ್ಟು ಗಮನದಲ್ಲಿರಲಿ.

1. ಅಂದಾಜಿನ ಫಾರಂ ಯಾರನ್ನು ನೋಡಿ ಮಾಡಿದ್ದು ಎಂದು ಕೇಳಿ. ಕೆನಡಾದ ಆಂಡ್ರ್ಯೂಸ್ ಮತ್ತು ಬೊಂಟಾ ರೂಪಿಸಿದ ಎಲ್‌ಎಸ್‌ಐ-ಆರ್ ಎಂಬ ಪಟ್ಟಿಯಲ್ಲಿ 54 ಅಂಶಗಳಿವೆ. ಇಂಥ ಪಟ್ಟಿಗಳಿಗೆ ಆಧಾರವಾದ ಅಧ್ಯಯನಗಳು ಬಹುಪಾಲು ಗಂಡು ಕೈದಿಗಳ ಮೇಲೆ ನಡೆದವು. ಹೆಂಗಸರ ವಿಷಯದಲ್ಲೂ ಈ ಪಟ್ಟಿ ತಕ್ಕಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ ಅನ್ನಿ. ತಕರಾರು ಇರುವುದು ಅದು ಕೇಳದೇ ಬಿಟ್ಟ ಪ್ರಶ್ನೆಗಳ ಬಗ್ಗೆ.

2. ಆ ಪ್ರಶ್ನೆಗಳನ್ನು ನೀವು ಕೇಳಿ. ಹೊಡೆತ ತಿಂದಿದ್ದಾಳೆಯೇ, ಖಿನ್ನತೆ ಇದೆಯೇ, ಗಾಂಜಾ ಮಾರಾಟಕ್ಕೆ ಇಳಿಸಿದವನು ಜೊತೆಗಿದ್ದವನೇ, ಮಕ್ಕಳು ಈಗ ಯಾರ ಹತ್ತಿರ ಇದ್ದಾರೆ? ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ವ್ಯಾನ್ ವೂರಿಸ್ ತಂಡ ಹೆಂಗಸರಿಗೆಂದೇ ಬೇರೆ ಪಟ್ಟಿ ಮಾಡಿತು. ಅದರಲ್ಲಿ ಆಕೆಯ ಆತ್ಮವಿಶ್ವಾಸ, ಮನೆಯವರ ಆಸರೆಗೂ ಲೆಕ್ಕವಿದೆ.

3. ಟಿಕ್ ಹಾಕುವ ಮುಂಚೆ ಇನ್ನೊಂದು ಮಾತು ಕೇಳಿ. ನಮ್ಮ ಕಡೆಯ ಒಬ್ಬಾಕೆಯನ್ನು "ಕೆಲಸ ಏನಮ್ಮಾ?" ಎಂದು ಕೇಳಿದಿರಿ ಅಂದುಕೊಳ್ಳಿ. "ಕೆಲಸ ಎಲ್ಲಿದೆ ಸಾರ್, ಮನೇಲೇ ಇರ್ತೀನಿ" ಅನ್ನುತ್ತಾಳೆ. ನಿರುದ್ಯೋಗಿ ಎಂದು ಬರೆದರೆ ಅಪಾಯದ ಅಂಕ ಒಂದು ಏರಿತು. "ಮನೇಲಿ ಏನು ಮಾಡ್ತೀಯಾ?" ಎಂದರೆ ಗೊತ್ತಾಗುತ್ತದೆ: ದಿನವಿಡೀ ಬೀಡಿ ಕಟ್ಟಿ ಸಂಸಾರ ಸಾಕುವವಳು ಅವಳೇ.

4. ಒಂದೇ ಅಂಕಕ್ಕೆ ಒಂದೇ ಅರ್ಥ ಹಚ್ಚಬೇಡಿ. ಹೆಂಗಸರು ಮತ್ತೆ ಸಿಕ್ಕಿಬೀಳುವುದು ಗಂಡಸರಿಗಿಂತ ಕಡಿಮೆ. 2018ರ ಫಸ್ಟ್ ಸ್ಟೆಪ್ ಕಾಯ್ದೆಯ ನಂತರ ಅಮೆರಿಕದ ಕೇಂದ್ರ ಕಾರಾಗೃಹಗಳಿಗೆ ತಂದ 'ಪ್ಯಾಟರ್ನ್' ಎಂಬ ಅಳತೆಪಟ್ಟಿ ಇದೇ ಕಾರಣಕ್ಕೆ ಇಬ್ಬರನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಇದು ತಾರತಮ್ಯವಲ್ಲವೇ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎರಿಕ್ ಲೂಮಿಸ್ ಎಂಬ ಅಪರಾಧಿ, ತನ್ನ ಅಪಾಯದ ಅಳತೆಯಲ್ಲಿ ಲಿಂಗ ಸೇರಿಸಿದ್ದು ತಪ್ಪು ಎಂದು ವಾದಿಸಿದ. ಅದರಿಂದ ಅಂದಾಜು ನಿಖರವಾಗುತ್ತದೆ ಎಂದು 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ವಾದ ತಳ್ಳಿಹಾಕಿತು; ಆದರೆ ಬರೀ ಅಂಕ ನೋಡಿ ಶಿಕ್ಷೆ ಕೊಡಬೇಡಿ ಎಂದೂ ಎಚ್ಚರಿಸಿತು. ಎರಡನೆಯ ಮಾತೇ ನನಗೆ ಹೆಚ್ಚು ತೂಕದ್ದು.

5. ಆಕೆಯ ನೋವನ್ನು ಅಪಾಯದ ಖಾತೆಗೆ ಬರೆಯಬೇಡಿ. ಅಂಕ ಏರಿ, ಚಿಕಿತ್ಸೆ ಬೇಕಾದವಳಿಗೆ ಒಂಟಿ ಕೋಣೆ ಕೊಟ್ಟಂತಾದೀತು.

6. ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳು ಒಟ್ಟು 70. ಮಹಿಳಾ ಕೈದಿಗಳಿಂದ ಇತರರಿಗೆ ಅಪಾಯ ಸಾಮಾನ್ಯವಾಗಿ ಕಡಿಮೆ ಎಂಬುದನ್ನು ಗಣನೆಗೆ ತೆಗೆದುಕೊಳ್ಳಿ ಎನ್ನುವುದು 41ನೆಯದು. ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಅದೊಂದನ್ನಾದರೂ ಓದಿಕೊಂಡು ನಾಳೆ ಫಾರಂ ಕೈಗೆತ್ತಿಕೊಳ್ಳಿ.