ಮಾವಿಲ್ಲದ ಮಾವಿನ ಪೆಪ್ಪರಮೆಂಟು

ಮಕ್ಕಳೇ, ಪೆಟ್ಟಿಗೆ ಅಂಗಡಿಯಲ್ಲಿ ಒಂದು ರೂಪಾಯಿಗೆ ಸಿಗುವ ಮಾವಿನ ರುಚಿಯ ಪೆಪ್ಪರಮೆಂಟನ್ನು ನೀವು ತಿಂದಿರುತ್ತೀರಿ. ಹೊದಿಕೆಯ ಮೇಲೆ ಮಾವಿನ ಚಿತ್ರವೂ ಇರುತ್ತದೆ. ಚಿಂತಾಮಣಿಯ ಮಾವಿನ ತೋಪುಗಳನ್ನು ನೋಡಿ ಬೆಳೆದ ನಿಮಗೊಂದು ಪ್ರಶ್ನೆ: ಅದರೊಳಗೆ ಮಾವು ಎಷ್ಟಿದೆ?

ಅಂಗಡಿಯವರನ್ನು ಕೇಳಿ, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಹೆಚ್ಚು ತೂಕವಿರುವ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಾಮಾನ್ಯವಾಗಿ ಮೊದಲು ಸಕ್ಕರೆ, ನಂತರ ದ್ರವ ಗ್ಲೂಕೋಸ್. 330 ಎಂದಿದ್ದರೆ ಅದು ಹುಳಿ ಕೊಡುವ ಸಿಟ್ರಿಕ್ ಆಮ್ಲ. 102 ಮತ್ತು 110 ಕೃತಕ ಬಣ್ಣಗಳು. ಕೊನೆಗೆ ಸುವಾಸನೆ. ಕೆಲವದರಲ್ಲಿ ತುಸು ಹಣ್ಣಿನ ತಿರುಳು ಇರುತ್ತದೆ. ಎಷ್ಟೋ ಬಗೆಗಳಲ್ಲಿ ಹಣ್ಣು ಚಿತ್ರದಲ್ಲಿ ಮಾತ್ರ!

4 ಗ್ರಾಂ ತೂಕದ ಗಟ್ಟಿ ಪೆಪ್ಪರಮೆಂಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಶರ್ಕರವೇ. ಒಂದು ಗ್ರಾಂ ಶರ್ಕರದಿಂದ 4 ಕಿಲೋಕ್ಯಾಲರಿ ಶಕ್ತಿ ಸಿಗುತ್ತದೆ. ಅಂದರೆ ಒಟ್ಟು ಸುಮಾರು 16 ಕಿಲೋಕ್ಯಾಲರಿ. ಅಷ್ಟೇ. ನಾರಿಲ್ಲ, ಜೀವಸತ್ವಗಳು ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ಮಾವಿನ ಹಣ್ಣಿನಲ್ಲಿ ಸುಮಾರು 60 ಕಿಲೋಕ್ಯಾಲರಿ ಶಕ್ತಿಯ ಜೊತೆಗೆ ನಾರು, ಸಿ ಜೀವಸತ್ವ, ಕಣ್ಣಿಗೆ ಬೇಕಾದ ಬೀಟಾ ಕ್ಯಾರೋಟಿನ್ ಇವೆ. ಮಾವಿನ ಹಳದಿ ಬಣ್ಣವೂ ಆಹಾರವೇ.

ಪೆಪ್ಪರಮೆಂಟನ್ನು ನಿಧಾನವಾಗಿ ಚೀಪುತ್ತೀರಲ್ಲವೇ? ಅಷ್ಟು ಹೊತ್ತೂ ಬಾಯಿಯ ಬ್ಯಾಕ್ಟೀರಿಯಾಗಳು ಶರ್ಕರವನ್ನು ಆಮ್ಲವಾಗಿಸುತ್ತಿರುತ್ತವೆ. ಆ ಆಮ್ಲದಲ್ಲಿ ಹಲ್ಲಿನ ಎನಾಮಲ್ ಕರಗುತ್ತದೆ. ಹುಳಿ ಪೆಪ್ಪರಮೆಂಟಾದರೆ ಅದರ ಆಮ್ಲವೂ ಸೇರಿತು.

ಸಂಖ್ಯೆ ನಮೂದಿಸಿದ ಬಣ್ಣಗಳಿಗೆ ಮಿತಿಯೊಳಗೆ ಅನುಮತಿಯಿದೆ. ಜಾತ್ರೆಯಲ್ಲಿ ಸಿಗುವ, ಚೀಟಿಯೇ ಇಲ್ಲದ ಮಿಠಾಯಿಯ ವಿಷಯ ಬೇರೆ. ರೋಡಮಿನ್-ಬಿ ಎಂಬ ಗುಲಾಬಿ ಬಣ್ಣವಿದೆ. ಶಿಡ್ಲಘಟ್ಟದ ಮಕ್ಕಳೇ, ಅದು ರೇಷ್ಮೆಗೆ, ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ! ಬೊಂಬಾಯಿ ಮಿಠಾಯಿಗೆ ಅದನ್ನು ಬೆರೆಸುವುದು ಪರೀಕ್ಷೆಯಲ್ಲಿ ಪತ್ತೆಯಾಗಿ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿತು.

ಹುಳಿಯಿದ್ದರೆ ಸಿ ಜೀವಸತ್ವ ಇದ್ದೇ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಶಿಕ್ಷಕರ ನೆರವಿನಿಂದ ಮಾಡಿ ನೋಡಿ. ಅರ್ಧ ಲೋಟ ನೀರಿಗೆ ಒಂದು ಚಮಚ ಅನ್ನದ ಗಂಜಿ, ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿಯಾಯಿತೇ? ಎರಡು ಲೋಟಗಳಿಗೆ ಹಂಚಿ. ಒಂದಕ್ಕೆ ಮಾಗಿದ ಸೀಬೆಹಣ್ಣನ್ನು ಅರೆದು ಸೋಸಿದ ರಸವನ್ನು ಹನಿಹನಿಯಾಗಿ ಬಿಡಿ. ಸಿ ಜೀವಸತ್ವವು ಅಯೋಡಿನ್ ಜೊತೆ ವರ್ತಿಸುವುದರಿಂದ ನೀಲಿ ಮಾಯವಾಗುತ್ತದೆ. ಇನ್ನೊಂದಕ್ಕೆ ನಿಂಬೆ ರುಚಿಯ ಪೆಪ್ಪರಮೆಂಟು ಕರಗಿಸಿದ ನೀರನ್ನು ಅಷ್ಟೇ ಹನಿ ಬಿಡಿ. ಸಿ ಜೀವಸತ್ವ ಬೆರೆಸದ ಪೆಪ್ಪರಮೆಂಟಾದರೆ ನೀಲಿ ಉಳಿಯುತ್ತದೆ. ನಿಂಬೆ, ನೆಲ್ಲಿಕಾಯಿ ರಸಗಳಿಂದಲೂ ಮಾಡಿ, ಯಾವುದಕ್ಕೆ ಎಷ್ಟು ಹನಿ ಬೇಕಾಯಿತೆಂದು ಬರೆದಿಡಿ. ಅಯೋಡಿನ್ ಬಿದ್ದ ಲೋಟದ್ದನ್ನು ಯಾರೂ ಕುಡಿಯಬಾರದು. ಚೆಲ್ಲಿ, ಕೈ ತೊಳೆಯಿರಿ.