ಕೇಬಲ್ ಇಲ್ಲದಾಗ ಲ್ಯಾಪ್‌ಟಾಪ್ ಕಾಯುವುದೇಕೆ?

ಓದುಗರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಸರ್ವರ್ ಇದೆ. ಕಚೇರಿಯಲ್ಲಿ ಚಕಚಕನೆ ಏಳುವ ಅದು ಮನೆಯಲ್ಲಿ, ನೆಟ್‌ವರ್ಕ್ ಕೇಬಲ್ ಇಲ್ಲದೆ, ಎರಡು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ. ಡಿಸ್ಕ್ ಕೆಟ್ಟಿತೆಂದು ಅವರು ಹೊಸದನ್ನು ಕೊಳ್ಳಲು ಹೊರಟಿದ್ದಾರೆ.

ದಯವಿಟ್ಟು ಬೇಡ!

'ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್' ಎಂಬ ಸೇವೆ ಸಂಪರ್ಕಕ್ಕಾಗಿ ಕಾಯುತ್ತದೆ. ಅದರ ಮೂಲ ಗಡುವೇ 120 ಸೆಕೆಂಡ್. ಟರ್ಮಿನಲ್‌ನಲ್ಲಿ 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಆದೇಶ ಕೊಟ್ಟರೆ ಯಾವ ಸೇವೆ ಎಷ್ಟು ಹೊತ್ತು ತಿಂದಿತೆಂಬ ಪಟ್ಟಿ ಬರುತ್ತದೆ. ಈ ಹೆಸರು ಮೇಲಿದ್ದರೆ, ನೆಟ್‌ಪ್ಲಾನ್ ಕಡತದಲ್ಲಿ ಕೇಬಲ್ ಪೋರ್ಟ್‌ನ ಹೆಸರಿನಡಿ 'ಆಪ್ಷನಲ್: ಟ್ರೂ' ಎಂದು ಸೇರಿಸಿ 'ನೆಟ್‌ಪ್ಲಾನ್ ಅಪ್ಲೈ' ಕೊಟ್ಟರಾಯಿತು. ಸೇವೆಯನ್ನೇ ನಿಲ್ಲಿಸುವುದಕ್ಕಿಂತ ಇದು ಲೇಸು: ಸಂಪರ್ಕ ನಿಜಕ್ಕೂ ಬೇಕಾದ ತಂತ್ರಾಂಶಗಳಿಗೆ ತೊಂದರೆಯಾಗದು.

ಕಡತ ತಿದ್ದುವ ಮುನ್ನ ಅದರ ಒಂದು ಪ್ರತಿಯನ್ನು ಅವರು ಮರೆಯದೆ ತೆಗೆದಿಡಲಿ.